ಹೆಸರಿನ ಋಣ

ಹೆಸರೆಂಬುದು ವಸ್ತುವಿನ ಮೇಲೆ ಅಂಟಿಸಿದ ಗುರುತೋ, ವಸ್ತುವಿನ ಪರವಾಗಿ ಕೊಟ್ಟ ಮಾತೋ ಎಂಬ ಪ್ರಶ್ನೆ ಬಹು ಹಳೆಯದು. ಪದವು ಯಾವುದನ್ನು ಸೂಚಿಸುತ್ತದೆ—ಕಣ್ಣೆದುರಿಗಿರುವ ವ್ಯಕ್ತಿಯನ್ನೋ, ಅದರ ಆಕೃತಿಯನ್ನೋ, ಅದು ಸೇರಿದ ಜಾತಿಯನ್ನೋ ಎಂದು ವಿಚಾರಮಾಡಿದ ನೈಯಾಯಿಕರು, ಈ ಮೂರೂ ಸೇರಿಯೇ ಪದದ ಅರ್ಥವೆಂದು ನಿರ್ಣಯಿಸಿದರು. ಇಂಥ ಚರ್ಚೆ ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಇರತಕ್ಕದ್ದು, ಸಂತೆಯ ವ್ಯವಹಾರಕ್ಕೆ ಅದರಿಂದೇನು ಪ್ರಯೋಜನವೆಂದು ಕೆಲವರು ಭಾವಿಸಬಹುದು. ಆದರೆ ಈಚಿನ ವರ್ಷಗಳಲ್ಲಿ ಈ ಪ್ರಶ್ನೆಯು ಮೋಟಾರುಗಾಡಿಗಳ ಮಳಿಗೆಗೇ ಬಂದು ನಿಂತಿದೆ.

ಫೋರ್ಡ್ ಸಂಸ್ಥೆಯು ೧೯೬೯ರಲ್ಲಿ ಯೂರೋಪಿನ ಮಾರುಕಟ್ಟೆಗೆ ಕಾಪ್ರಿ ಎಂಬ ಗಾಡಿಯನ್ನು ತಂದಿತು. ಅದು ಎರಡು ಬಾಗಿಲಿನ, ನೆಲಕ್ಕೆ ತಗ್ಗಾಗಿ ಬಾಗಿದ, ಉದ್ದ ಮೂಗಿನ ಗಾಡಿ. ಸಿರಿವಂತರ ಓಟದ ಗಾಡಿಯ ಅಂದವನ್ನು ಸಾಧಾರಣ ಸಂಬಳದವನ ಕೈಗೆ ಎಟುಕಿಸುವುದು ಅದರ ಉದ್ದೇಶವಾಗಿತ್ತು. ಹದಿನೆಂಟು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದ ಮೇಲೆ ೧೯೮೬ರಲ್ಲಿ ಅದು ನಿಂತುಹೋಯಿತು. ೨೦೨೪ರಲ್ಲಿ ಅದೇ ಹೆಸರು ಮರಳಿ ಕಾಣಿಸಿಕೊಂಡಿತು. ಆದರೆ ಈ ಸಾರಿ ಹೆಸರನ್ನು ಹೊತ್ತದ್ದು ವಿದ್ಯುತ್ತಿನಿಂದ ನಡೆಯುವ, ನೆಲದಿಂದ ಎತ್ತರವಾಗಿ ನಿಂತ, ಕುಟುಂಬದವರೆಲ್ಲ ಕೂಡುವಂಥ ನಾಲ್ಕು ಪಕ್ಕದ ಬಾಗಿಲಿನ ಗಾಡಿ. ಅದರ ತಳಗಟ್ಟಂತೂ ಫೋರ್ಡಿನದೇ ಅಲ್ಲ. ಪ್ರತಿಸ್ಪರ್ಧಿಯಾದ ಫೋಕ್ಸ್‌ವಾಗನ್ ಸಂಸ್ಥೆಯು ತನ್ನ ವಿದ್ಯುತ್ ಗಾಡಿಗಳಿಗಾಗಿ ರಚಿಸಿದ್ದು. ನೈಯಾಯಿಕರ ಅಳತೆಗೋಲಿನಿಂದ ನೋಡಿದರೆ ಇಲ್ಲಿ ವ್ಯಕ್ತಿಯೂ ಬೇರೆ, ಆಕೃತಿಯೂ ಬೇರೆ, ಜಾತಿಯೂ ಬೇರೆ. ಉಳಿದದ್ದು ಶಬ್ದ ಒಂದೇ.

ತಳಗಟ್ಟೆಂದರೇನೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ಗಾಡಿಯ ನೆಲಹಾಸು, ಚಕ್ರಗಳನ್ನು ಹಿಡಿದಿರುವ ಕಟ್ಟು, ಚುಕ್ಕಾಣಿಯ ಜೋಡಣೆ, ಯಂತ್ರ ಅಥವಾ ಬ್ಯಾಟರಿಯನ್ನಿಡುವ ಎಡೆ, ಇವೆಲ್ಲ ಕೂಡಿದ್ದಕ್ಕೆ ಪ್ಲಾಟ್‌ಫಾರಂ ಎಂದು ಹೆಸರು. ಹೊರಗಿನವರ ಕಣ್ಣಿಗೆ ಬೀಳದಿದ್ದರೂ ಗಾಡಿಯ ನಡೆ, ಭದ್ರತೆ, ಬೆಲೆಗಳು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿರುವವು. ಹೊಸದೊಂದನ್ನು ರಚಿಸಿ, ಅಪಘಾತದ ಪರೀಕ್ಷೆಗಳಿಗೆ ಒಡ್ಡಿ, ಅದಕ್ಕೆ ಬೇಕಾದ ಅಚ್ಚುಗಳನ್ನೆಲ್ಲ ಮಾಡಿಸುವುದಕ್ಕೆ ಅಪಾರ ದ್ರವ್ಯ ಬೇಕು. ಆದುದರಿಂದ ಒಂದೇ ತಳಗಟ್ಟಿನ ಮೇಲೆ ಹಲವು ಮೈಗಳನ್ನು ಕೂಡಿಸಿ ವೆಚ್ಚವನ್ನು ಹಂಚಿಕೊಳ್ಳುವುದು ಈ ಉದ್ಯಮದ ವಾಡಿಕೆಯಾಗಿದೆ.

ಇದರಲ್ಲಿ ತಪ್ಪೇನೂ ಇಲ್ಲ. ಹಳೆಯ ಕಾಪ್ರಿಯ ಅಡಿಯಲ್ಲಿದ್ದುದೂ ಅದೇ ಫೋರ್ಡಿನ ಕಾರ್ಟಿನಾ ಎಂಬ ಮನೆವಾರ್ತೆಯ ಗಾಡಿಯ ಭಾಗಗಳೇ. ೧೯೬೪ರಲ್ಲಿ ಅಮೆರಿಕೆಯನ್ನೇ ಮರುಳುಗೊಳಿಸಿದ ಮಸ್ಟಾಂಗ್ ಗಾಡಿಯೂ ಫಾಲ್ಕನ್ ಎಂಬ ಅಗ್ಗದ ಗಾಡಿಯ ಮೇಲೆ ಕಟ್ಟಿದ್ದೇ. ಅಡಿಪಾಯ ಹಂಚಿಕೊಂಡದ್ದನ್ನೇ ದೋಷವೆಂದರೆ, ಆ ದೋಷವು ಪೂರ್ವಜರಿಗೂ ತಗಲುವುದು. ಆದಕಾರಣ ವಿಚಾರವನ್ನು ತಳಗಟ್ಟಿನಿಂದ ತೆಗೆದು ಹೆಸರಿನ ಕಡೆಗೆ ತಿರುಗಿಸಬೇಕು.

ಹೆಸರಿನ ಸಂಗತಿ ಎಷ್ಟು ವಿಚಿತ್ರವೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಫ್ರಾನ್ಸಿನ ರೆನೋ ಸಂಸ್ಥೆಯು ೧೯೭೨ರಲ್ಲಿ ಹೊರತಂದು ಮನೆಮಾತಾಗಿದ್ದ ತನ್ನ ಐದನೆಯ ಅಂಕಿಯ ಪುಟ್ಟ ಗಾಡಿಯನ್ನು ೨೦೨೪ರಲ್ಲಿ ವಿದ್ಯುತ್ ಗಾಡಿಯಾಗಿ ಪುನಃ ತಂದಿತು. ಮರುವರ್ಷ ಜಪಾನಿನ ನಿಸಾನ್ ಸಂಸ್ಥೆಯು, ೧೯೮೨ರಿಂದ ಬಂದಿದ್ದ ತನ್ನ ಮೈಕ್ರಾ ಎಂಬ ಹೆಸರನ್ನು ಪುನರುಜ್ಜೀವಿಸಿತು. ಈ ಎರಡೂ ಗಾಡಿಗಳು ಒಂದೇ ತಳಗಟ್ಟಿನವು. ಫ್ರಾನ್ಸಿನ ದುವೇ ಎಂಬಲ್ಲಿರುವ ರೆನೋ ಕಾರ್ಖಾನೆಯಲ್ಲಿಯೇ ತಯಾರಾಗುವವು. ದೀಪಗಳೂ ಮುಖಚರ್ಯೆಯೂ ಮಾತ್ರ ಬೇರೆಬೇರೆ. ಒಂದೇ ದೇಹವು ಎರಡು ಜನಾಂಗಗಳ ಎರಡು ನೆನಪುಗಳನ್ನು ತೊಟ್ಟುಕೊಂಡು ಎರಡು ಅಂಗಡಿಗಳಲ್ಲಿ ನಿಂತಿದೆ. ಮಿತ್ಸುಬಿಷಿ ಸಂಸ್ಥೆಯು ೨೦೨೩ರಲ್ಲಿ ಯೂರೋಪಿನಲ್ಲಿ ಮಾರಹೊರಟ ಕೋಲ್ಟ್ ಗಾಡಿಯಲ್ಲಿ ಅಷ್ಟು ವೇಷಾಂತರವೂ ಇರಲಿಲ್ಲ. ಅದು ರೆನೋದವರ ಕ್ಲಿಯೋ ಗಾಡಿಯೇ. ಹಣೆಯ ಮೇಲಿನ ಲಾಂಛನ ಮಾತ್ರ ಬೇರೆ.

ಇಲ್ಲಿ ವೇದಾಂತಿಯೊಬ್ಬನು ನಕ್ಕು, ಗಾಡಿಗೆಲ್ಲಿಯ ಆತ್ಮ, ಹೆಸರು ಬದಲಾದರೇನು ಎನ್ನಬಹುದು. ಅವನ ಮಾತಿಗೆ ಪ್ರಾಚೀನವಾದ ಆಧಾರವೂ ಉಂಟು. ಮಿಲಿಂದಪ್ರಶ್ನೆಯೆಂದು ಪ್ರಸಿದ್ಧವಾದ ಪಾಳಿ ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷುವು ಯವನರಾಜನಾದ ಮಿಲಿಂದನನ್ನು ಅವನು ಏರಿಬಂದ ರಥದ ವಿಷಯವಾಗಿಯೇ ಪ್ರಶ್ನಿಸುತ್ತಾನೆ. ಮೂಕಿಯು ರಥವೇ? ಅಚ್ಚು ರಥವೇ? ಚಕ್ರಗಳೇ, ನೊಗವೇ? ಅಲ್ಲವೆಂದು ಅರಸನು ಒಪ್ಪುತ್ತಾನೆ. ಇವೆಲ್ಲ ಕೂಡಿದಾಗ ರಥವೆಂಬ ವ್ಯವಹಾರನಾಮ ಹುಟ್ಟುವುದೆಂದು ಹೇಳುತ್ತಾನೆ. ಹೆಸರು ವ್ಯವಹಾರಕ್ಕಾಗಿ ಮಾತ್ರವಾದರೆ, ಅದನ್ನು ಬೇಕಾದ ಗಾಡಿಗೆ ಕಟ್ಟಲು ಅಡ್ಡಿಯೇನು?

ಆದರೆ ನಾಗಸೇನನ ವಾದವು ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿಯೆಲ್ಲ ಉರಿದ ದೀಪದ ದೃಷ್ಟಾಂತವನ್ನೂ ಅವನು ಕೊಡುತ್ತಾನೆ. ಮೊದಲ ಜಾವದ ಜ್ವಾಲೆಯೇ ಕೊನೆಯ ಜಾವದ್ದಲ್ಲ. ಆದರೂ ಅದು ಬೇರೆ ದೀಪವಲ್ಲ. ಒಂದರಿಂದ ಒಂದು ಹೊತ್ತಿಕೊಂಡು ಬಂದ ಪರಂಪರೆಯಿಂದಲೇ ಅದನ್ನು ಒಂದು ದೀಪವೆನ್ನುತ್ತೇವೆ. ಹಾಗಾದರೆ ಗಾಡಿಯ ಹೆಸರನ್ನು ಕುರಿತು ಕೇಳತಕ್ಕ ಪ್ರಶ್ನೆ, ಭಾಗಗಳೆಲ್ಲ ಹಳೆಯವೇ ಎಂಬುದಲ್ಲ. ಈ ಜ್ವಾಲೆಯು ಆ ಬತ್ತಿಯಿಂದ ಹೊತ್ತಿದ್ದೇ ಎಂಬುದು.

ಫೋಕ್ಸ್‌ವಾಗನ್ ಸಂಸ್ಥೆಯ ಬೀಟಲ್ ಗಾಡಿಯಲ್ಲಿ ಈ ಪ್ರಶ್ನೆ ಚೆನ್ನಾಗಿ ತೋರಿಬರುತ್ತದೆ. ಹಳೆಯ ಬೀಟಲಿನ ಯಂತ್ರವು ಹಿಂಭಾಗದಲ್ಲಿದ್ದು ಗಾಳಿಯಿಂದ ತಣ್ಣಗಾಗುತ್ತಿತ್ತು. ೧೯೯೭ರಲ್ಲಿ ಮೆಕ್ಸಿಕೋ ದೇಶದ ಪುಯೆಬ್ಲಾ ನಗರದಲ್ಲಿ ತಯಾರಾಗತೊಡಗಿದ ಹೊಸ ಬೀಟಲ್, ಗಾಲ್ಫ್ ಎಂಬ ಗಾಡಿಯ ತಳಗಟ್ಟಿನ ಮೇಲೆ ಕುಳಿತು, ಯಂತ್ರವನ್ನು ಮುಂದಕ್ಕೆ ತಂದುಕೊಂಡಿತು. ದುಂಡು ಬೆನ್ನಿನ ಆಕೃತಿ ಮಾತ್ರ ಉಳಿಯಿತು. ಆಶ್ಚರ್ಯವೇನೆಂದರೆ, ಆ ಪುಯೆಬ್ಲಾ ನಗರದಲ್ಲಿಯೇ ಹಳೆಯ ಬೀಟಲೂ ೨೦೦೩ರ ಜುಲೈ ತಿಂಗಳವರೆಗೆ ತಯಾರಾಗುತ್ತಿತ್ತು. ಮೆಕ್ಸಿಕೋದ ಬಾಡಿಗೆ ಗಾಡಿಯವನಿಗೆ ಬೇಕಾದ ಅಗ್ಗದ, ಗಟ್ಟಿಮುಟ್ಟಾದ ಜನರ ಗಾಡಿ ಒಂದೆಡೆ. ದೂರದೇಶದ ಉಳ್ಳವರಿಗೆ ಬೇಕಾದ, ಹೂವಿನ ಕುಡಿಕೆಯನ್ನು ಸಿಕ್ಕಿಸಿದ ಸೊಗಸಿನ ಗಾಡಿ ಇನ್ನೊಂದೆಡೆ. ರೂಪವು ಹೊಸದಕ್ಕೆ ಸಂದಿತು. ಕೊಟ್ಟ ಮಾತನ್ನು ಕೊನೆಯವರೆಗೂ ನಡೆಸಿದ್ದು ಹಳೆಯದೇ.

ಮಾರುವವರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅವರು ಹೇಳುವುದೇನೆಂದರೆ: ಹೊಸ ಗಾಡಿಯು ಹಳೆಯದಕ್ಕಿಂತ ಭದ್ರವಾದುದು, ಅದರ ತಡೆಗಳು ಚೆನ್ನಾಗಿ ಹಿಡಿಯುವವು, ಅದು ಉಗುಳುವ ಹೊಗೆ ಕಡಮೆ, ಕೊಳ್ಳುವವನು ಮಗುವಲ್ಲ, ಎಲ್ಲವನ್ನೂ ಓದಿ ನೋಡಿಯೇ ಕೊಳ್ಳುತ್ತಾನೆ, ಹೆಸರು ಸಂಸ್ಥೆಯ ಸೊತ್ತು, ಸೊತ್ತನ್ನು ಬಳಸುವುದು ಒಡೆಯನ ಹಕ್ಕು. ಈ ಮಾತುಗಳಲ್ಲಿ ಬಹುಭಾಗ ಸತ್ಯವೇ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಸ ಗಾಡಿಯು ತನ್ನ ಗುಣದಿಂದಲೇ ಅಷ್ಟು ಉತ್ತಮವಾಗಿದ್ದರೆ ಅದು ತನ್ನದೇ ಹೆಸರನ್ನು ಸಂಪಾದಿಸಿಕೊಳ್ಳಬಾರದೇಕೆ? ಸತ್ತವನ ಹೆಸರನ್ನು ತಂದು ಜಾಮೀನಾಗಿ ನಿಲ್ಲಿಸುವ ಅಗತ್ಯವೇನು?

ಉತ್ತರ ಸ್ಪಷ್ಟವಾಗಿದೆ. ಹಳೆಯ ಹೆಸರಿಗೆ ಬೆಲೆಯುಂಟು. ಆ ಬೆಲೆಯನ್ನು ದುಡಿದವರು ಯಾರು? ಸಂಸ್ಥೆಯ ಒಡೆಯರು ಮಾತ್ರವಲ್ಲ. ಕಬ್ಬಿಣವನ್ನು ಬಡಿದು ಕೂಡಿಸಿದ ಕೆಲಸಗಾರರು. ದಾರಿಯಲ್ಲಿ ಕೆಟ್ಟು ನಿಂತಾಗ ಬೈದುಕೊಂಡೇ ಸರಿಪಡಿಸಿದ ಮೇಸ್ತ್ರಿಗಳು. ಮದುವೆಗೂ ಆಸ್ಪತ್ರೆಗೂ ಅದರಲ್ಲೇ ಹೋಗಿಬಂದ ಕುಟುಂಬದವರು, ಇವರೆಲ್ಲರ ಬಾಳು ಆ ಶಬ್ದದೊಳಗೆ ಸೇರಿಕೊಂಡಿದೆ. ಕಾನೂನಿನ ಕಣ್ಣಿಗೆ ಹೆಸರು ಒಬ್ಬನ ಸೊತ್ತು. ಅದರ ಒಳಗಿನ ಅರ್ಥವಾದರೋ ಹಲವರು ತುಂಬಿದ ಕಣಜ. ಅದರಿಂದ ಅಳೆದು ಮಾರುವವನು ಜನರ ನೆನಪನ್ನು ಜನರಿಗೇ ಮಾರುತ್ತಿದ್ದಾನೆ. ಮಾರಬಾರದೆಂದಲ್ಲ, ಆದರೆ ತೂಕ ಸರಿಯಾಗಿರಬೇಕು.

ಮನೆತನಗಳ ಆಚಾರವನ್ನು ನೋಡಿದರೆ ಈ ವಿಷಯ ತಿಳಿಯಾಗುವುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಅದರಿಂದ ಯಾರೂ ಮೋಸಹೋಗುವುದಿಲ್ಲ. ಮಗುವನ್ನು ಅಜ್ಜನೆಂದು ಯಾರೂ ತಿಳಿಯುವುದಿಲ್ಲ. ಆದರೆ ಅಜ್ಜನ ಹೆಸರಿಗೆ ಕುಂದು ತರಬೇಡವೆಂದು ಅವನಿಗೆ ಹೇಳುವುದುಂಟು. ದತ್ತಕದ ವಿಷಯ ಇನ್ನೂ ಹತ್ತಿರವಾದುದು. ಬೇರೆ ಗರ್ಭದಲ್ಲಿ ಹುಟ್ಟಿದವನು ಬೇರೆ ಗೋತ್ರವನ್ನು ಪಡೆಯುತ್ತಾನೆ. ರಕ್ತ ಬೇರೆಯೆಂದು ಅವನನ್ನು ಯಾರೂ ಹಳಿಯುವುದಿಲ್ಲ. ಆದರೆ ದತ್ತಕವು ಬಂಧುಗಳ ಎದುರಿನಲ್ಲಿ, ಎಲ್ಲರಿಗೂ ತಿಳಿಯುವಂತೆ ನಡೆಯತಕ್ಕದ್ದು; ಮತ್ತು ಆಸ್ತಿಯೊಡನೆ ಪಿತೃಗಳ ಶ್ರಾದ್ಧವೂ ಅವನ ಪಾಲಿಗೆ ಬರುವುದು. ತಂದೆಯ ಸಾಲವನ್ನು ಮಗನು ತೀರಿಸತಕ್ಕದ್ದೆಂದು ಧರ್ಮಶಾಸ್ತ್ರಗಳು ವಿಧಿಸಿವೆ. ಬಹಿರಂಗವಾದ ಸ್ವೀಕಾರ, ಋಣದ ಹೊಣೆ—ಈ ಎರಡರಿಂದಲೇ ದತ್ತಕವು ಧರ್ಮ್ಯವಾಗಿದೆ. ತಳಗಟ್ಟಿನ ಹುಟ್ಟನ್ನು ಮರೆಮಾಡಿ, ಹಳೆಯ ಹೆಸರಿನ ಆಸ್ತಿಯನ್ನು ಮಾತ್ರ ಉಂಡು ಸಾಲವನ್ನು ಒಲ್ಲೆನೆನ್ನುವುದು ದತ್ತಕವಲ್ಲ, ವೇಷ.

ಇದು ದೂರದೇಶದವರ ಸಂಗತಿಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೦ರ ದಶಕದ ಮೊದಲಲ್ಲಿ ಹೊರಬರತೊಡಗಿದ ಜಾವಾ ಮೋಟಾರು ಸೈಕಲ್ಲನ್ನೂ, ಮುಂದೆ ಅದೇ ಪಡೆದ ಯೆಜ್ಡಿ ಎಂಬ ಹೆಸರನ್ನೂ ಅರಿಯದ ಮನೆ ಹಳೆಯ ಮೈಸೂರಿನ ಸೀಮೆಯಲ್ಲಿ ವಿರಳ. ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದ ಆ ಗಾಡಿಯ ಸದ್ದನ್ನು ಬೀದಿಯ ತುದಿಯಿಂದಲೇ ಗುರುತಿಸುತ್ತಿದ್ದರು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರು ಮಧ್ಯಪ್ರದೇಶದ ಪೀತಂಪುರದಲ್ಲಿ ಪುನಃ ಹುಟ್ಟಿತು. ಅದರ ಯಂತ್ರವು ಮಹೀಂದ್ರಾ ಸಂಸ್ಥೆಯ ಮೋಜೋ ಗಾಡಿಯಿಂದ ಬೆಳೆದು ಬಂದದ್ದು. ಎರಡು ಹೊಡೆತದ ಯಂತ್ರವು ಹೋಗಿ ನಾಲ್ಕು ಹೊಡೆತದ್ದು ಬಂದಿತ್ತು. ಆದರೂ ಟ್ಯಾಂಕಿನ ದುಂಡುತನವನ್ನೂ ಎರಡು ಪಕ್ಕದ ಎರಡು ಹೊಗೆಕೊಳವೆಗಳನ್ನೂ ಉಳಿಸಿಕೊಂಡರು. ಆ ಯತ್ನದಲ್ಲಿ ಹಳೆಯ ಕಾರ್ಖಾನೆಯ ಸ್ಥಾಪಕರ ಮನೆತನದವರೂ ಪಾಲುಗೊಂಡಿದ್ದರೆಂಬುದು ಜ್ವಾಲೆಯಿಂದ ಜ್ವಾಲೆ ಹೊತ್ತಿತೆಂಬುದಕ್ಕೆ ಒಂದು ಸಾಕ್ಷಿ. ಜಾವಾ ಎಂಬುದೂ ಮೂಲತಃ ಒಬ್ಬನದಲ್ಲ. ೧೯೨೯ರಲ್ಲಿ ಯಾನೆಚೆಕ್ ಎಂಬ ಜೆಕ್ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲನ್ನೂ ಅದರ ಹೆಸರಿನ ಮೊದಲನ್ನೂ ಕೂಡಿಸಿದನು. ಕೊಂಡದ್ದನ್ನು ಅವನು ಹೆಸರಿನಲ್ಲಿಯೇ ಬರೆದಿಟ್ಟನು. ಇದಕ್ಕಿಂತ ಪ್ರಾಮಾಣಿಕವಾದ ನಾಮಕರಣವನ್ನು ಕಾಣುವುದು ಕಷ್ಟ.

ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯವು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಮುಚ್ಚಿದ ಸಂಸ್ಥೆಯ ಸೊತ್ತೆಲ್ಲ ಅದರ ಸಾಲಗಾರರಿಗೆ ಸಲ್ಲತಕ್ಕದ್ದಾದುದರಿಂದ, ಹೆಸರೂ ಆ ಸೊತ್ತಿನಲ್ಲಿ ಸೇರಿದೆಯೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಅಲ್ಲಿಯ ಸೋಲು ಗೆಲುವು ನ್ಯಾಯವಾದಿಗಳಿಗೆ ಸೇರಿದ ವಿಷಯ. ಆದರೆ ಹೆಸರಿನೊಡನೆ ಸಾಲವೂ ಬರುತ್ತದೆಯೇ ಎಂಬ ಧರ್ಮಶಾಸ್ತ್ರದ ಪ್ರಶ್ನೆಯು ಕಾನೂನಿನ ಮಾತಿನಲ್ಲಿ ಅಲ್ಲಿ ಎದ್ದು ನಿಂತಿತೆಂಬುದು ಗಮನಾರ್ಹ.

ಇಷ್ಟರಿಂದ ತೇಲುವುದೇನು? ಹಳೆಯ ಹೆಸರನ್ನು ಹೊಸ ಗಾಡಿಗೆ ಇಡುವುದು ಪಾಪವಲ್ಲ. ಪರರ ತಳಗಟ್ಟನ್ನು ತರುವುದೂ ಪಾಪವಲ್ಲ. ಹೆಸರು ಹಿಂದೆ ಏನನ್ನು ಮಾತು ಕೊಟ್ಟಿತ್ತೋ ಅದನ್ನು ಈಗಿನ ಗಾಡಿಯು ಈಗಿನ ಕಾಲಕ್ಕೆ ತಕ್ಕಂತೆ ನಡೆಸಿಕೊಡುತ್ತದೆಯೇ ಎಂಬುದೊಂದೇ ಪರೀಕ್ಷೆ. ಜನರ ಗಾಡಿಯೆಂದು ಹೆಸರಾದದ್ದು ಜನರ ಕೈಗೆ ಎಟುಕುತ್ತದೆಯೇ? ಬಾಳಿಕೆಗೆ ಹೆಸರಾದದ್ದು ಬಾಳುತ್ತದೆಯೇ? ಹೌದಾದರೆ, ಮೊಳೆಯಿಂದ ಮೊಳೆಯವರೆಗೆ ಎಲ್ಲವೂ ಬದಲಾಗಿದ್ದರೂ ಅದು ಅದೇ ಗಾಡಿ. ಅಲ್ಲವಾದರೆ, ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂಬ ಗಾದೆಯೇ ಅದಕ್ಕೆ ತಕ್ಕ ಲಾಂಛನ. ಹಿರಿಯರ ಹೆಸರನ್ನು ಹೊತ್ತ ಮನೆತನ, ಸಂಘ, ವಿದ್ಯಾಶಾಲೆಗಳಿಗೂ ಈ ಮಾತು ಸಲ್ಲುವುದು. ಹೆಸರನ್ನು ಪಡೆಯಲು ಒಂದು ಪತ್ರ ಸಾಕು. ಅದರ ಋಣವನ್ನು ತೀರಿಸಲು ಮಾತ್ರ ನಡತೆ ಬೇಕು.