ಝರ್ನಾ ಬಸಾಕ್ ಎಂಬ ಶಬನಂ

ಢಾಕಾದ ಹಿಂದೂ ಮನೆಯ ಝರ್ನಾ ಬಸಾಕ್ 1962ರ ‘ಚಂದಾ’ ಚಿತ್ರದಿಂದ ಶಬನಂ ಆಗಿ ಪಾಕಿಸ್ತಾನಕ್ಕೆಲ್ಲ ಪರಿಚಿತರಾದರು. ಸಂಗೀತ ನಿರ್ದೇಶಕರಾದ ಪತಿ ರಾಬಿನ್ ಘೋಷ್ ಕ್ರೈಸ್ತರು. 1971ರಲ್ಲಿ ಪಾಕಿಸ್ತಾನ ಒಡೆದು ಬಾಂಗ್ಲಾದೇಶ ಹುಟ್ಟಿ ಬಂಗಾಳಿಗಳ ಮೇಲೆ ಅನುಮಾನ ದಟ್ಟವಾದಾಗಲೂ ಉರ್ದು ಚಿತ್ರಗಳ ಅಗ್ರ ನಾಯಕಿ ಈ ಬಂಗಾಳಿ ಹೆಣ್ಣುಮಗಳೇ.

ಅವರ 1977ರ ಚಿತ್ರ ‘ಆಯಿನಾ’ ಕರಾಚಿಯಲ್ಲಿ 400ಕ್ಕೂ ಹೆಚ್ಚು ವಾರ ಓಡಿತು. ಜನರಲ್ ಜಿಯಾ ಉಲ್ ಹಕ್ ಅಧಿಕಾರ ಹಿಡಿದದ್ದೂ ಅದೇ ವರ್ಷ. ಒಂದೆಡೆ ಧರ್ಮದ ಹೆಸರಿನಲ್ಲಿ ಕಾನೂನುಗಳು ಬಿಗಿಯಾಗುತ್ತಿದ್ದವು. ಇನ್ನೊಂದೆಡೆ ಕರಾಚಿಯ ಮುಸ್ಲಿಂ ಕುಟುಂಬಗಳು ಹಿಂದೂ ನಟಿಯ ದುಃಖಕ್ಕೆ ಕಣ್ಣೀರು ಹಾಕುತ್ತಿದ್ದವು.

ಹಾಗಾದರೆ ಆ ಕಣ್ಣೀರು ಯಾರದು, ಯಾರಿಗಾಗಿ?

ರಸಾನುಭವದ ಹೊತ್ತಿನಲ್ಲಿ ‘ನನ್ನದು, ಪರರದು’ ಎಂಬ ಗೆರೆ ಅಳಿಯುತ್ತದೆ ಎಂದರು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ. ಅವರು ಅದನ್ನು ಬ್ರಹ್ಮಾನಂದದ ಹತ್ತಿರಕ್ಕೇ ತಂದು ನಿಲ್ಲಿಸಿದರು. ಕರಾಚಿಯ ಚಿತ್ರಮಂದಿರ ಆ ಮಾತಿಗೆ ಒಳ್ಳೆಯ ಸಾಕ್ಷಿ. ಆದರೆ ದೀಪ ಹತ್ತಿದ ಮೇಲೆ? 1985ರ ಚುನಾವಣೆಯಲ್ಲಿ ಪಾಕಿಸ್ತಾನದ ಹಿಂದೂಗಳು ತಮಗೆ ಮೀಸಲಾದ ಸ್ಥಾನಗಳಿಗಷ್ಟೇ ಮತ ಹಾಕಬೇಕಾಯಿತು. ಪರದೆಯ ಮುಂದೆ ಅಳಿದ ಗೆರೆಯನ್ನು ಮತಗಟ್ಟೆಯಲ್ಲಿ ಮತ್ತೆ ಎಳೆಯಲಾಯಿತು. ರಸ ಮನಸ್ಸನ್ನು ಹಿಗ್ಗಿಸುತ್ತದೆ, ನಿಜ. ನ್ಯಾಯದ ಕೆಲಸವನ್ನೂ ಅದೇ ಮಾಡಿಬಿಡುತ್ತದೆ ಎಂದು ನಂಬುವುದು ಕಷ್ಟ. ಆ ಪ್ರತ್ಯೇಕ ಮತದಾನ ಪದ್ಧತಿ ರದ್ದಾದದ್ದು 2002ರಲ್ಲಿ.

ಅಷ್ಟರಲ್ಲಿ ಶಬನಂ ಢಾಕಾಗೆ ಮರಳಿದ್ದರು. 1999ರ ‘ಅಮ್ಮಾಜಾನ್’ ಚಿತ್ರದಲ್ಲಿ ತಾಯಿಯಾಗಿ ಬಂಗಾಳಿಗಳ ಮನ ಗೆದ್ದರು. 2018ರಲ್ಲಿ ಧಾರಾವಾಹಿಯೊಂದರ ಮೂಲಕ ಪಾಕಿಸ್ತಾನದ ಕಿರುತೆರೆಗೂ ಬಂದರು, ಅದೇ ಶಬನಂ ಎಂಬ ಹೆಸರಿನಲ್ಲಿ.