ಹಿಟ್ಟಿನ ಕೋಳಿ, ಯಂತ್ರದ ದುಂಬಿ

ಪ್ರಾಣವಿಲ್ಲದ ವಸ್ತುವನ್ನು ಪ್ರಾಣಿಯೆಂದೇ ಭಾವಿಸಿ ಹೊಡೆದರೆ ಅದು ಹಿಂಸೆಯೆನಿಸುವುದೆ? ಜೈನ ಸಾಹಿತ್ಯಕ್ಕೆ ಈ ಪ್ರಶ್ನೆ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಿಂತಿರುವುದೇ ಇದರ ಮೇಲೆ. ಉಜ್ಜಯಿನಿಯ ಅರಸನಾದ ಯಶೋಧರನು ಜೀವಬಲಿಗೆ ಒಪ್ಪಲಾರ. ತಾಯಿ ಚಂದ್ರಮತಿಯ ಮಾತನ್ನು ಮೀರಲೂ ಆರ. ಎರಡರ ನಡುವೆ ಒಂದು ಉಪಾಯ ಹೊಳೆಯುತ್ತದೆ: ಹಿಟ್ಟಿನ ಕೋಳಿಯನ್ನು ಮಾಡಿ ದೇವಿಗೆ ಬಲಿಗೊಡುವುದು. ಆದರೆ ಕತ್ತಿ ತಾಗಿದೊಡನೆ ಆ ಹಿಟ್ಟಿನ ಕೋಳಿ ಕೂಗಿತು. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಸೇರಿಕೊಂಡಿತ್ತು. ತಾಯಿ ಮಗ ಇಬ್ಬರೂ ಆ ಒಂದು ಕೃತ್ಯಕ್ಕಾಗಿ ಪ್ರಾಣಿಜನ್ಮಗಳಲ್ಲಿ ತೊಳಲಿದ ಕಥೆ ಓದುಗರಿಗೆ ತಿಳಿದದ್ದೇ ಆಗಿದೆ.

ಅದೇ ಪ್ರಶ್ನೆ ಬಹುಕಾಲದ ಬಳಿಕ, ಬಹುದೂರದ ದೇಶವೊಂದರಲ್ಲಿ, ಮಕ್ಕಳ ಆಟವಾಗಿ ಮರಳಿ ಬಂದಿದೆ. ಹಾಗೆ ಬಂದುದು ಆ ಆಟವನ್ನು ಕಟ್ಟಿದವರಿಗೂ ಗೊತ್ತಿರಲಾರದು. ಜಪಾನಿನ ಸೆಗಾ ಸಂಸ್ಥೆಯು 1991ರಲ್ಲಿ ತನ್ನ ಮೆಗಾ ಡ್ರೈವ್ ಎಂಬ ಯಂತ್ರಕ್ಕಾಗಿ ‘ಸೋನಿಕ್ ದ ಹೆಜ್‌ಹಾಗ್’ ಎಂಬ ವಿಡಿಯೋ ಆಟವನ್ನು ಹೊರತಂದಿತು. ಹೆಜ್‌ಹಾಗ್ ಎಂದರೆ ಮೈಯೆಲ್ಲ ಮುಳ್ಳಿರುವ, ಹೆದರಿದಾಗ ಉಂಡೆಯಾಗುವ ಒಂದು ಸಣ್ಣ ಪ್ರಾಣಿ. ಆಟದ ನಾಯಕನಾದ ಸೋನಿಕ್ ನೀಲಿ ಬಣ್ಣದ ಹೆಜ್‌ಹಾಗ್. ಅವನು ಮಿಂಚಿನ ವೇಗದಲ್ಲಿ ಓಡುತ್ತಾನೆ, ಉಂಡೆಯಾಗಿ ಉರುಳುತ್ತಾನೆ, ನೆಗೆದು ಶತ್ರುಗಳ ಮೇಲೆ ಬೀಳುತ್ತಾನೆ. ಶತ್ರುಗಳೆಲ್ಲ ಡಾಕ್ಟರ್ ರೋಬೋಟ್ನಿಕ್ ಎಂಬ ದುಷ್ಟ ವಿಜ್ಞಾನಿ ನಿರ್ಮಿಸಿದ ಯಂತ್ರಗಳು. ಏಡಿ, ಜೀರುಂಡೆ, ಮೀನು, ಗೋಸುಂಬೆ, ಕಂಬಳಿಹುಳು ಹೀಗೆ ಒಂದೊಂದಕ್ಕೂ ಒಂದೊಂದು ಪ್ರಾಣಿಯ ಆಕಾರ. ಅವುಗಳಲ್ಲಿ ಒಂದು ದುಂಬಿಯ ಆಕಾರದ್ದು. ಅದರ ಹೆಸರು ಬಜ್ ಬಾಂಬರ್.

ಗ್ರೀನ್ ಹಿಲ್ ಎಂಬ ಮೊದಲನೆಯ ಹಸಿರು ಬಯಲಿನಲ್ಲೇ ಈ ದುಂಬಿ ಎದುರಾಗುತ್ತದೆ. ಅದು ಗಾಳಿಯಲ್ಲಿ ತೇಲಿ ಬಂದು ಒಂದು ಕ್ಷಣ ನಿಲ್ಲುತ್ತದೆ. ಬಾಲದ ಕೊಂಡಿಯಿಂದ ಉರಿಯುವ ಉಂಡೆಯೊಂದನ್ನು ಓರೆಯಾಗಿ ಕೆಳಕ್ಕೆ ಹಾರಿಸುತ್ತದೆ. 1992ರ ಎರಡನೆಯ ಆಟದಲ್ಲಿ ಬಜರ್ ಎಂಬ ಹೆಸರಿನಿಂದ ಇದರ ಬಂಧುವೊಂದು ಬಂದಿತು. 2011ರ ‘ಸೋನಿಕ್ ಜನರೇಶನ್ಸ್’, 2017ರ ‘ಸೋನಿಕ್ ಮೇನಿಯಾ’ ಆಟಗಳಲ್ಲಿ ಹಳೆಯ ದುಂಬಿಯೇ ಮರಳಿತು. ತಂದೆಯಾದವನು ಬಾಲ್ಯದಲ್ಲಿ ಹೊಡೆದ ದುಂಬಿಯನ್ನು ಈಗ ಮಗ ಹೊಡೆಯುತ್ತಿದ್ದಾನೆ.

ಇಷ್ಟೇ ಆಗಿದ್ದರೆ ವಿಷಯ ವಿಚಾರಕ್ಕೆ ಅರ್ಹವಾಗುತ್ತಿರಲಿಲ್ಲ; ಗುಂಡು ಹಾರಿಸುವ, ರಕ್ತ ಹರಿಸುವ ಆಟಗಳು ಲೋಕದಲ್ಲಿ ಸಾಕಷ್ಟಿವೆ. ಇಲ್ಲಿ ಒಂದು ವಿಶೇಷವಿದೆ. ಸೋನಿಕ್ ಮೇಲೆ ಬಿದ್ದೊಡನೆ ದುಂಬಿಯ ಲೋಹದ ಕವಚ ಒಡೆದು ಮಾಯವಾಗುತ್ತದೆ, ಒಳಗಿನಿಂದ ಪುಟ್ಟ ಮೊಲವೋ ನೀಲಿ ಹಕ್ಕಿಯೋ ಹೊರಬಿದ್ದು ಕುಪ್ಪಳಿಸುತ್ತ ಅಥವಾ ರೆಕ್ಕೆ ಬಡಿಯುತ್ತ ಪರದೆಯಾಚೆಗೆ ಹೋಗಿಬಿಡುತ್ತದೆ. ರೋಬೋಟ್ನಿಕ್ ಕಾಡಿನ ಪ್ರಾಣಿಗಳನ್ನು ಹಿಡಿದು ಯಂತ್ರಗಳಲ್ಲಿ ಬಂಧಿಸಿದ್ದಾನೆ ಎಂಬುದು ಆಟದ ಕಥೆ. ಆದ್ದರಿಂದ ದುಂಬಿಯನ್ನು ಒಡೆಯುವುದೆಂದರೆ ಒಂದು ಜೀವವನ್ನು ಸೆರೆಯಿಂದ ಬಿಡಿಸುವುದು.

ಜನ್ನನ ಕೋಳಿಯಲ್ಲಿಯೂ ಹೊರಗೆ ಜಡವೇ ಇತ್ತು, ಒಳಗೆ ಒಂದು ಜೀವವಿತ್ತು. ಅಲ್ಲಿ ಕತ್ತಿಯ ಏಟಿಗೆ ಆರ್ತಧ್ವನಿ ಹೊರಟಿತು. ಇಲ್ಲಿ ಏಟಿಗೆ ಬಿಡುಗಡೆ ಸಿಕ್ಕಿತು. ಹಾಗಾದರೆ ಆಡುವ ಮಗು ಯಶೋಧರನ ಪಕ್ಷದಲ್ಲಿಲ್ಲ, ಪಂಜರದ ಬಾಗಿಲು ತೆರೆದವನ ಪಕ್ಷದಲ್ಲಿದೆ ಎನ್ನಬಹುದೆ? ಹಾಗೆ ಹೇಳಿ ಸಮಾಧಾನಪಡುವುದು ಸುಲಭ. ಆದರೆ ಜೈನಾಚಾರ್ಯರು ಹಿಂಸೆಯನ್ನು ಅಳೆದದ್ದು ಏಟಿನ ಫಲದಿಂದಲ್ಲ. ಉಮಾಸ್ವಾಮಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇರಿಸಿದ್ದಾನೆ. ಯಶೋಧರನ ಕಥೆಯನ್ನೇ ‘ಯಶಸ್ತಿಲಕ’ವೆಂಬ ಚಂಪುವಾಗಿ 959ರಲ್ಲಿ ಬರೆದ ಸೋಮದೇವಸೂರಿಯು ಉಳುವವನ ಮತ್ತು ಮೀನು ಹಿಡಿಯುವವನ ದೃಷ್ಟಾಂತವನ್ನು ಕೊಡುತ್ತಾನೆ. ನೇಗಿಲಿನ ಕೆಳಗೆ ಎಷ್ಟೋ ಜೀವಿಗಳು ಸಾಯುತ್ತವೆ, ಆದರೂ ಉಳುವವನ ಮನಸ್ಸು ಕೊಲ್ಲುವುದರಲ್ಲಿಲ್ಲ. ಒಂದು ಮೀನೂ ಸಿಕ್ಕದ ದಿನವೂ ಬಲೆ ಹಿಡಿದು ಕುಳಿತವನ ಮನಸ್ಸು ಕೊಲ್ಲುವುದರಲ್ಲಿಯೇ ಇದೆ. ಯಶೋಧರನ ಪಾಪವೂ ಕೋಳಿ ಕೂಗಿದ್ದರಿಂದ ಹುಟ್ಟಿದ್ದಲ್ಲ. ಕತ್ತಿ ಎತ್ತುವ ಮೊದಲೇ ಅದು ಸಂಕಲ್ಪದಲ್ಲಿ ಹುಟ್ಟಿತ್ತು. ಕೂಗು ಅದನ್ನು ಅವನ ಕಿವಿಗೆ ಮುಟ್ಟಿಸಿತು, ಅಷ್ಟೆ.

ಆದ್ದರಿಂದ ಕೇಳಬೇಕಾದದ್ದು ದುಂಬಿಯ ಒಳಗೆ ಏನಿತ್ತು ಎಂದಲ್ಲ, ಗುಂಡಿ ಒತ್ತುವ ಬೆರಳಿನ ಹಿಂದೆ ಏನಿತ್ತು ಎಂದು. ಈ ವಿಷಯದಲ್ಲಿ ಆಟದ ಕಥೆ ಹೇಳುವುದೇ ಒಂದು, ಆಟದ ಲೆಕ್ಕ ಹೇಳುವುದೇ ಇನ್ನೊಂದು. ಮೊದಲನೆಯ ಆಟದಲ್ಲಿ ಒಂದು ಯಂತ್ರವನ್ನು ಒಡೆದರೆ 100 ಅಂಕ. ನೆಲ ಮುಟ್ಟದೆ ಸಾಲಾಗಿ ಒಡೆಯುತ್ತ ಹೋದರೆ ಎರಡನೆಯದಕ್ಕೆ 200, ಮೂರನೆಯದಕ್ಕೆ 500, ನಾಲ್ಕನೆಯದಕ್ಕೆ 1000. ಘಟ್ಟ ಮುಗಿದಾಗ ಪರದೆಯ ಮೇಲೆ ಲೆಕ್ಕ ಬೀಳುತ್ತದೆ: ಎಷ್ಟು ಬೇಗ ಮುಗಿಸಿದೆ ಎಂಬುದಕ್ಕೆ ಇಷ್ಟು, ಎಷ್ಟು ಚಿನ್ನದ ಉಂಗುರ ಉಳಿಸಿಕೊಂಡೆ ಎಂಬುದಕ್ಕೆ ಇಷ್ಟು. ಎಷ್ಟು ಮೊಲ, ಎಷ್ಟು ಹಕ್ಕಿ ಬಿಡುಗಡೆಯಾದುವೆಂಬ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ದಯೆಯ ಕಥೆ ಹೇಳಿ ವೇಗಕ್ಕೂ ಸಂಗ್ರಹಕ್ಕೂ ಬಹುಮಾನ ಕೊಡುವ ಪದ್ಧತಿ ಇದು. ಲೋಕವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಮತ್ತೊಂದು ಸೂಕ್ಷ್ಮವೂ ಇದೆ. ದುಂಬಿಯ ಮೇಲೆ ಬಿದ್ದ ಸೋನಿಕ್ ಪುಟಿದು ಮೇಲಕ್ಕೇರುತ್ತಾನೆ. ನುರಿತ ಆಟಗಾರರು ಇದನ್ನು ಬಲ್ಲರು; ಎತ್ತರದ ದಾರಿಯನ್ನು ಹಿಡಿಯಬೇಕಾದಾಗ ದುಂಬಿಯನ್ನೇ ಮೆಟ್ಟಿಲಾಗಿ ಬಳಸುತ್ತಾರೆ. ಆಗ ಅದು ಶತ್ರುವೂ ಅಲ್ಲ, ಸೆರೆಯಾಳಿನ ಪಂಜರವೂ ಅಲ್ಲ, ಕಾಲಿಗೆ ಸಿಕ್ಕ ಒಂದು ಕಲ್ಲು. ಹಕ್ಕಿ ಆಗಲೂ ಹಾರಿಹೋಗುತ್ತದೆ. ಫಲ ಒಂದೇ, ಭಾವವು ದಯೆಯೂ ಅಲ್ಲ, ದ್ವೇಷವೂ ಅಲ್ಲ, ಬರಿಯ ಉಪಯೋಗ.

ಆತ್ಮರಕ್ಷಣೆಯ ವಾದವನ್ನು ಇಲ್ಲಿ ಎತ್ತಬಹುದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಅಣುವ್ರತಿಯಾದವನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕೆಂದೂ ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯು ಅವನಿಗೆ ಪೂರ್ತಿಯಾಗಿ ತಪ್ಪಿಸಲಾಗದ್ದೆಂದೂ ಹೇಳುವುದುಂಟು. ದುಂಬಿ ಉರಿಯುಂಡೆ ಹಾರಿಸುತ್ತದೆ, ತಾಗಿದರೆ ಕೂಡಿಟ್ಟ ಉಂಗುರಗಳೆಲ್ಲ ಚೆಲ್ಲಿಹೋಗುತ್ತವೆ, ಉಂಗುರವೇ ಇಲ್ಲದಿದ್ದರೆ ಒಂದು ಪ್ರಾಣವೇ ಹೋಗುತ್ತದೆ. ಆದರೆ ದುಂಬಿಯು ಹಾರಿಸುವ ಮೊದಲು ಒಂದು ಕ್ಷಣ ನಿಲ್ಲುವುದಷ್ಟೆ. ಆ ಒಂದು ಕ್ಷಣದಲ್ಲಿಯೇ ಕುಶಲ ಆಟಗಾರನು ಅದನ್ನು ಮುಗಿಸುತ್ತಾನೆ. ಬಹುಪಾಲು ಎಡೆಗಳಲ್ಲಿ ಅದನ್ನು ಮುಟ್ಟದೆಯೇ ಅದರ ಕೆಳಗೆ ಓಡಿಹೋಗಲೂ ಬಹುದು. ಹಾಗೆ ಓಡಿಹೋಗುವುದು ಅಹಿಂಸೆಯೆ? ಒಳಗೆ ಮೊಲವಿದೆಯೆಂದು ಬಲ್ಲವನು ಪಕ್ಕಕ್ಕೆ ಸರಿದು ಹೋದರೆ ಕೈಗೆ ಪಾಪ ಅಂಟಲಿಲ್ಲವೆಂದು ಹೇಳಬಹುದೇ ಹೊರತು, ಕಾರುಣ್ಯವಿತ್ತೆಂದು ಹೇಳಲಾಗದು. ಭಯದಿಂದ ಅಥವಾ ಅವಸರದಿಂದ ಹೊಡೆಯದೆ ಬಿಟ್ಟದ್ದಕ್ಕೂ ಅಹಿಂಸೆಗೂ ಬಹಳ ಅಂತರವಿದೆ.

ಯಂತ್ರದೊಳಗಿನ ಪ್ರಾಣಿ ಎಂಬ ಕಲ್ಪನೆ ಜೈನ ಓದುಗನಿಗೆ ಇನ್ನೊಂದು ದಿಕ್ಕಿನಲ್ಲಿಯೂ ಪರಿಚಿತವೆನಿಸುತ್ತದೆ. ಜಡವಾದ ಪುದ್ಗಲದ ಆವರಣದಲ್ಲಿ ಸಿಕ್ಕಿದ ಚೇತನ. ಕ್ರೋಧದಿಂದ ವರ್ತಿಸುವುದು ಹೊರಗಿನ ರೂಪ, ಒಳಗಿರುವುದು ನಿರಪರಾಧಿ. ಶತ್ರುವಿನ ಶತ್ರುತ್ವ ಅವನ ಸ್ವಭಾವವಲ್ಲ ಎಂಬ ಮಾತನ್ನು ಹತ್ತು ವರ್ಷದ ಬಾಲಕನಿಗೆ ಇಷ್ಟು ಸರಳವಾಗಿ ತೋರಿಸಿದ ಆಟ ಬೇರೆ ಇರುವುದು ವಿರಳ. ಇದು ಅದಕ್ಕೆ ಸಲ್ಲಬೇಕಾದ ಗೌರವ. ಆದರೆ ಉಪಮೆಯನ್ನು ದೂರ ಎಳೆಯಬಾರದು. ಮೊಲವನ್ನು ಯಂತ್ರದಲ್ಲಿ ಹಾಕಿದವನು ರೋಬೋಟ್ನಿಕ್. ಮೊಲಕ್ಕೆ ತನ್ನ ಬಂಧನದಲ್ಲಿ ಪಾಲಿಲ್ಲ. ಜೈನ ಸಿದ್ಧಾಂತದಲ್ಲಿ ಹಾಗೆ ಹೊರಗಿನಿಂದ ಬಂದು ಬಂಧಿಸುವ ವಿಜ್ಞಾನಿ ಯಾರೂ ಇಲ್ಲ. ತನ್ನ ರಾಗದ್ವೇಷಗಳಿಂದ ತಾನೇ ಕಟ್ಟಿಕೊಂಡ ಕಟ್ಟು ಅದು. ಯಾವ ಓಟಗಾರನೂ ಮೇಲಿಂದ ಬಿದ್ದು ಅದನ್ನು ಒಡೆಯಲಾರ. ಸರಣಿಯ ಮುಂದಿನ ಕೆಲವು ಆಟಗಳಲ್ಲಂತೂ ಯಂತ್ರಗಳ ಒಳಗೆ ಪ್ರಾಣಿಯೇ ಇರುವುದಿಲ್ಲ, ಅವು ಬರಿಯ ಯಂತ್ರಗಳು. ಒಡೆಯುವ ಬೆರಳು ಮಾತ್ರ ಆ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ. ಹಿಂದಿನ ದಯೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಇದೊಂದು ಪರೀಕ್ಷೆ.

ಇನ್ನು ದುಂಬಿಯ ವಿಷಯ. ಎಲ್ಲ ಬಿಟ್ಟು ದುಂಬಿಯನ್ನೇ ಏಕೆ ಶತ್ರುವಾಗಿಸಬೇಕು? ಕೊಂಡಿ ಇದೆ ಎಂಬುದಕ್ಕಾಗಿ. ನಿಜವಾದ ಜೇನುನೊಣವು ಗೂಡಿಗೆ ಅಪಾಯ ಬಂದಿತೆಂದಾಗ ಕುಟುಕುತ್ತದೆ. ಅದರ ಕೊಂಡಿಗೆ ಗಾಳದಂಥ ಮುಳ್ಳುಗಳಿರುವುದರಿಂದ ಮನುಷ್ಯನ ಚರ್ಮದಲ್ಲಿ ಅದು ಸಿಕ್ಕಿ ಕಿತ್ತುಬರುತ್ತದೆ, ನೊಣ ಸಾಯುತ್ತದೆ. ಒಂದು ಕುಟುಕಿಗೆ ಒಂದು ಜೀವ. ಆಟದ ದುಂಬಿಗೆ ಗೂಡಿಲ್ಲ, ಜೇನಿಲ್ಲ, ಕಾಯಬೇಕಾದ ಮರಿಗಳಿಲ್ಲ. ಕೊಂಡಿಯೊಂದೇ ಇದೆ, ಅದೂ ಸವೆಯದ ಕೊಂಡಿ. ಗ್ರೀನ್ ಹಿಲ್ ಬಯಲಿನಲ್ಲಿ ದೊಡ್ಡ ದೊಡ್ಡ ಸೂರ್ಯಕಾಂತಿ ಹೂಗಳು ತೂಗುತ್ತಿರುತ್ತವೆ. ಬಜ್ ಬಾಂಬರ್ ಅವುಗಳ ಮೇಲೆ ಒಮ್ಮೆಯೂ ಕೂರದೆ ಹಾರಿಹೋಗುತ್ತದೆ.

ಜೈನ ಪರಂಪರೆಯಲ್ಲಿ ದುಂಬಿಯ ಸ್ಥಾನವೇ ಬೇರೆ. ಹೂವಿಗೆ ನೋವಾಗದಂತೆ ಮಕರಂದ ಹೀರುವ ದುಂಬಿಯ ಹಾಗೆ ದಾತೃವಿಗೆ ಭಾರವಾಗದಂತೆ ಮುನಿಯು ಆಹಾರ ಸ್ವೀಕರಿಸಬೇಕೆಂಬುದರಿಂದ ಆ ಕ್ರಮಕ್ಕೆ ಭ್ರಾಮರೀ ವೃತ್ತಿ ಎಂದೇ ಹೆಸರು. ಸಮಂತಭದ್ರಾಚಾರ್ಯರು ಶ್ರಾವಕನ ಎಂಟು ಮೂಲಗುಣಗಳಲ್ಲಿ ಮದ್ಯಮಾಂಸಗಳ ಜೊತೆಗೆ ಮಧುವಿನ ತ್ಯಾಗವನ್ನೂ ಸೇರಿಸಿದ್ದಾರೆ. ಹಾಗೆಂದು ಈ ಪರಂಪರೆಯು ದುಂಬಿಯನ್ನು ಎಂದೂ ಭಯಂಕರವಾಗಿ ಚಿತ್ರಿಸಿಲ್ಲವೆಂದರೆ ಅದು ಸತ್ಯವಲ್ಲ. ಮಧುಬಿಂದು ದೃಷ್ಟಾಂತದಲ್ಲಿ ಬಾವಿಯೊಳಗೆ ತೂಗಾಡುವ ಮನುಷ್ಯನನ್ನು ಮುತ್ತಿ ಕುಟುಕುವುವು ಜೇನುನೊಣಗಳೇ. ಸಂಸಾರದ ಬಾಧೆಗೆ ಅವುಗಳನ್ನು ಸಂಕೇತವಾಗಿಸಿದಾಗ ಆ ಕಥೆಗಾರರೂ ಕೊಂಡಿಯನ್ನೇ ಕಂಡರು. ಆದರೆ ಅಲ್ಲಿ ಯಾರೂ ಅವುಗಳನ್ನು ಕೊಲ್ಲುವುದಿಲ್ಲ. ದೋಷವಿರುವುದು ಜೇನಹನಿಗೆ ನಾಲಗೆ ಚಾಚಿದವನಲ್ಲಿ.

ಸೋನಿಕ್ ಸರಣಿಯಲ್ಲಿಯೂ ಒಂದು ಒಳ್ಳೆಯ ದುಂಬಿ ಇದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1995ರ ‘ನಕಲ್ಸ್ ಕೆಯಾಟಿಕ್ಸ್’ ಆಟದಲ್ಲಿ ಚಾರ್ಮಿ ಎಂಬ ಎಳೆಯ ದುಂಬಿ ನಾಯಕರ ಗುಂಪಿನಲ್ಲಿ ಒಬ್ಬನಾಗಿ ಬರುತ್ತಾನೆ. ಅವನಿಗೆ ಸ್ವಂತ ಹೆಸರಿದೆ, ಗೆಳೆಯರಿದ್ದಾರೆ. ಅವನನ್ನು ಹೊಡೆಯಬೇಕೆಂದು ಯಾರಿಗೂ ತೋರದು. ಹೆಸರೂ ಮುಖವೂ ದೊರೆತೊಡನೆ ಅದೇ ಕೀಟ ಬಂಧುವಾಯಿತು.

ಕೊನೆಗೆ, ಸೆರೆಬಿದ್ದ ಪ್ರಾಣಿಗಳು ಯಾವುವು ಎಂಬುದನ್ನು ನೋಡಬೇಕು. ಮೊದಲನೆಯ ಆಟದಲ್ಲಿ ಅವು ಏಳು ಬಗೆ: ಮೊಲ, ನೀಲಿ ಹಕ್ಕಿ, ಕೋಳಿ, ಹಂದಿ, ಅಳಿಲು, ಪೆಂಗ್ವಿನ್, ಸೀಲ್. ಉಮಾಸ್ವಾಮಿಯು ಇಂದ್ರಿಯಗಳು ಒಂದೊಂದಾಗಿ ಹೆಚ್ಚುವ ಕ್ರಮವನ್ನು ಹೇಳುವಾಗ ಹುಳು, ಇರುವೆ, ಭ್ರಮರ, ಮನುಷ್ಯ ಎಂದು ಹೆಸರಿಸಿದ್ದಾನೆ. ಚತುರಿಂದ್ರಿಯಕ್ಕೆ ಅವನು ಆರಿಸಿಕೊಂಡ ಉದಾಹರಣೆಯೇ ಭ್ರಮರ. ಆಟದಲ್ಲಿ ಬಿಡುಗಡೆ ಹೊಂದುವ ಏಳೂ ಪಂಚೇಂದ್ರಿಯ ಜೀವಿಗಳು. ದುಂಬಿಯ ಆಕಾರ ಬಂದದ್ದು ಅವುಗಳನ್ನು ಬಂಧಿಸುವ ಕವಚಕ್ಕೆ. ಮೊಲವನ್ನು ಕಂಡು ಮರುಗಿದ ಆಟಕ್ಕೆ ದುಂಬಿಯೂ ಮರುಕಕ್ಕೆ ಅರ್ಹವಾದ ಜೀವವೆಂಬುದು ನೆನಪಾಗಲಿಲ್ಲ. ಆರು ಮಣಿಗಳನ್ನೂ ಸಂಪಾದಿಸಿ ಆಟವನ್ನು ಮುಗಿಸಿದವನಿಗೆ ಕೊನೆಯ ದೃಶ್ಯದಲ್ಲಿ ಗ್ರೀನ್ ಹಿಲ್ ಬಯಲು ಮತ್ತೆ ಕಾಣುತ್ತದೆ. ಬಿಡುಗಡೆಯಾದ ಪ್ರಾಣಿಗಳು ಸೋನಿಕ್‌ನ ಸುತ್ತ ಕುಣಿಯುತ್ತವೆ, ನೆಲದಿಂದ ಹೂಗಳು ಒಂದೊಂದಾಗಿ ಅರಳುತ್ತವೆ. ಆ ಹೂಗಳ ಮೇಲೆ ಒಂದು ದುಂಬಿಯೂ ಇಲ್ಲ.