ಹಳೆಯ ಜಾವಾ, ಹೇಳದ ಮಾತು

ಗೊತ್ತಿದ್ದೂ ಹೇಳದಿರುವುದು ಸುಳ್ಳು ಹೇಳಿದಂತೆಯೇ? ಈ ಪ್ರಶ್ನೆಯನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಅದಕ್ಕೆ ಉತ್ತರ ಹುಡುಕಬೇಕಾಗಿ ಬಂದದ್ದು ಮಾತ್ರ ತುಕ್ಕು ಹಿಡಿದ ಒಂದು ಮೋಟಾರ್ ಸೈಕಲಿನ ದೆಸೆಯಿಂದ.

ಕಾಸರಗೋಡಿನ ಓದುಗರಿಗೆ ನಮ್ಮ ಪೆದ್ದೆಮುಲ್ ಪರಿಚಯವಿರಲಾರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿತು. 2014ರಿಂದ ಅದು ತೆಲಂಗಾಣ. ಆ ತಾಂಡೂರಿನ ನೆರೆಯ ಊರು ನಮ್ಮದು. ತೊಗರಿಯ, ಹಾಸುಗಲ್ಲಿನ ಸೀಮೆ.

ಅಲ್ಲಿ ಒಬ್ಬ ವೃದ್ಧೆಯ ಕೊಟ್ಟಿಗೆಯಲ್ಲಿ, ತೊಗರಿಕಟ್ಟಿಗೆಯ ರಾಶಿಯ ಹಿಂದೆ, ಅವರ ದಿವಂಗತ ಪತಿಯ ಜಾವಾ ನಿಂತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿ.ಸಿ. ಗಾಡಿ. ಆ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಮಾರಿ, 1996ರಲ್ಲಿ ಬಾಗಿಲು ಹಾಕಿತು. ಈ ಗಾಡಿ ನೋಂದಣಿಯಾದದ್ದು 1971ರಲ್ಲಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಇಂಜಿನ್ ಬಿಗಿದುಹೋಗಿತ್ತು. ಆದರೆ ಒಂದು ಭಾಗವೂ ಕಾಣೆಯಾಗಿರಲಿಲ್ಲ.

ಗುಜರಿಯವನು ನಾಲ್ಕು ಸಾವಿರಕ್ಕೆ ಕೇಳಿದ್ದಾನೆ ಎಂದರು ಅಜ್ಜಿ. ನಾನು ಐದು ಎಂದೆ. ಇದ್ದ ಸ್ಥಿತಿಯಲ್ಲೇ ಅದು ಅದರ ಹತ್ತು ಪಟ್ಟು ಬಾಳುತ್ತದೆಂದು ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವ್ಯಾಪಾರ ಮುಗಿಯಿತು.

ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥದೇ ಒಂದು ಪ್ರಸಂಗವಿದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಒಬ್ಬ ವರ್ತಕ ಧಾನ್ಯದ ಹಡಗು ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಹೇಳಬೇಕೆ? ಹೇಳಲೇಬೇಕು ಎಂದ ಆಂಟಿಪೇಟರ್. ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದ ಅವನ ಗುರು ಡಯೋಜೆನಿಸ್. ಸಿಸೆರೊ ಶಿಷ್ಯನ ಪಕ್ಷ ವಹಿಸಿದ. ನಮ್ಮ 1872ರ ಕರಾರು ಕಾಯಿದೆ ಬಹುಮಟ್ಟಿಗೆ ಗುರುವಿನ ಪಕ್ಷ: ಮಾತಾಡುವ ಹೊಣೆ ಇಲ್ಲದ ಕಡೆ ಬರಿಯ ಮೌನ ವಂಚನೆಯಲ್ಲ ಎನ್ನುತ್ತದೆ ಅದರ 17ನೆಯ ಕಲಮು.

ಹಾಗಾದರೆ ನಾನು ನಿರ್ದೋಷಿ. ಮನೆಗೆ ಬಂದು ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ಡೀಸೆಲ್ ಹೊಯ್ದು, ಪಿಸ್ಟನ್ ಸಡಿಲವಾಗಲೆಂದು ದಿನಗಟ್ಟಲೆ ಕಾದೆ. ಬೇರಿಂಗು, ಸೀಲು, ವೈರಿಂಗ್ ಎಲ್ಲ ಹೊಸದು ಬೇಕಾಯಿತು. ಖರ್ಚು ಏರಿದಂತೆಲ್ಲ ನನ್ನ ಸಮರ್ಥನೆಯೂ ಬಲವಾಯಿತು: ಇದರ ಬೆಲೆ ನನ್ನ ಬೆವರಿನದು!

ಆದರೆ ಗಾಡಿಯ ಆರ್.ಸಿ. ಸತ್ತವರ ಹೆಸರಿನಲ್ಲಿತ್ತು. ಅದು ಮೊದಲು ವಾರಸುದಾರರ ಹೆಸರಿಗೆ ಬಂದು, ಅನಂತರ ನನ್ನ ಹೆಸರಿಗೆ ಬರಬೇಕು. ಅಜ್ಜಿಯ ಸಹಿ ಇಲ್ಲದೆ ಗಾಡಿ ನನ್ನದಲ್ಲ. ಅರ್ಜಿ ಹಿಡಿದು ಮತ್ತೆ ಅದೇ ಕಟ್ಟೆಯ ಮೇಲೆ ಕುಳಿತೆ. ಅವರು ಸಹಿ ಹಾಕುತ್ತ, "ಈಗ ಎಷ್ಟು ಬಾಳ್ತದಪ್ಪಾ ಇದು?" ಎಂದು ಕೇಳಿದರು.

ಈ ಸಲ ಹೇಳಿದೆ. ಅಂದೇ ಐವತ್ತು ಸಾವಿರ ಬಾಳುತ್ತಿತ್ತು ಎಂಬುದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಭಾಳ ಬಾಳ್ತದಂತ ನನಗ ಗೊತ್ತಿತ್ತು. ಗುಜರಿಯವ ಒಡದ್ ಹಾಕ್ತಾನ, ನೀ ನಡಸ್ತಿ ಅಂತ ಕೊಟ್ಟೆ" ಎಂದರು.

ಓದುಗರು ಇಲ್ಲಿ ನನ್ನನ್ನು ಬಿಡುಗಡೆ ಮಾಡಿಯಾರು. ತಿಳಿದೇ ಕೊಟ್ಟವರಿಗೆ ಮೋಸವೆಲ್ಲಿಂದ ಬಂತು? ಆದರೆ ನಾನು ಸುಮ್ಮನಿದ್ದದ್ದು ಅವರಿಗೆ ಗೊತ್ತಿಲ್ಲವೆಂದು ನಂಬಿಯೇ. ಅವರ ತಿಳಿವಳಿಕೆ ಅವರನ್ನು ಮೋಸದಿಂದ ಕಾಪಾಡಿತು; ನನ್ನನ್ನು ಕಾಪಾಡುವುದಿಲ್ಲ. ಕೃತ್ಯವನ್ನು ಅಳೆಯಬೇಕಾದದ್ದು ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದುದರಿಂದ, ಆಮೇಲೆ ತಿಳಿದುದರಿಂದಲ್ಲ.

ಬೆವರಿನ ವಾದವೂ ಅರ್ಧವೇ ಸರಿ. ದುರಸ್ತಿಯಿಂದ ಹೆಚ್ಚಿದ ಬೆಲೆ ನನ್ನದು ನಿಜ. ಆದರೆ ನಾನು ಮುಟ್ಟುವ ಮೊದಲೇ ಅದರಲ್ಲಿದ್ದ ಬೆಲೆ, ಅರ್ಧ ಶತಮಾನ ಒಂದು ಭಾಗವನ್ನೂ ಕಳೆಯದೆ ಇಟ್ಟುಕೊಂಡವರದು. 2021ರ ಕೇಂದ್ರ ನಿಯಮಗಳು ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನೇ ಕೊಟ್ಟಿವೆ. ಆ ಮೂಲರೂಪ ನನ್ನ ಕೈಯಲ್ಲಿ ಹುಟ್ಟಿದ್ದಲ್ಲ. ನಾವು ಅಲಕ್ಷ್ಯವೆಂದು ಕರೆದದ್ದರಲ್ಲಿ ಅವರ ಕಾವಲೂ ಇತ್ತು.

ಉಳಿದ ಹಣವನ್ನು ಎರಡು ಕಂತಿನಲ್ಲಿ ಕೊಟ್ಟೆ. ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು. ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಕೈಯಿಂದ ಟ್ಯಾಂಕನ್ನು ಒರೆಸಿ ಒಳಗೆ ಹೋದರು. ಸಾಲ ತೀರಿದೆ. ಆದರೂ ಮೊದಲ ದಿನದ ಮೌನಕ್ಕೆ ಐವತ್ತು ಸಾವಿರ ಪೂರಾ ಉತ್ತರವೆಂದು ನನಗೆ ಅನ್ನಿಸಿಲ್ಲ. ಹಳೆಯದನ್ನು ಕೊಳ್ಳಹೋಗುವವರಿಗೆ ನನ್ನದು ಇಷ್ಟೇ ಮಾತು: ಗೊತ್ತಿರುವುದನ್ನು ಬೆಲೆ ಮಾತಾಡುವ ಮೊದಲೇ ಹೇಳಿಬಿಡಿ. ಆಮೇಲೆ ಹೇಳುವುದು ಕಷ್ಟ.